ಓಲೀಟಾ ಅಜ್ಜಿಯ ಅಪ್ಪುಗೆ ಮತ್ತು ಒಂದು ಗಿಡ್ಡ ಪಿಸ್ತೂಲು

ದೇವರು ಕೆಂಟಕಿಯ ಬೆಟ್ಟಗಳನ್ನು ಒಗೆದ ಸೀರೆಯಂತೆ ಮಡಿಸಿ ಮಡಿಸಿ ಇಡುವಾಗ ಟರ್ನಿಪ್ ಫೋರ್ಕ್ ಅನ್ನುವ ಊರೊಂದು ಯಾವುದೋ ಮಡಿಕೆಯೊಳಗೆ ಸಿಕ್ಕಿಹಾಕಿಕೊಂಡಿತಂತೆ. ಆಮೇಲೆ ಅದನ್ನು ಬಿಡಿಸಿ ಹೊರಗೆ ತೆಗೆಯುವುದಕ್ಕೆ ಯಾರಿಗೂ ಪುರಸೊತ್ತಾಗಲಿಲ್ಲ. ಆ ಊರಲ್ಲಿ ಮನೆಮನೆಯ ನೀರಿನ ಮೀಟರು ಓದುತ್ತ ಡೆಲ್ಬರ್ಟ್ ಸೈಜ್‌ಮೋರ್ ಎಂಬ ಹುಡುಗನಿದ್ದ. ಹುಡುಗ ಅಂದರೆ ಮೂವತ್ತು ದಾಟಿದ, ಹಣೆ ತಲೆಯ ಕಡೆ ಹೊರಟಿದ್ದ ಹುಡುಗ. ಮದುವೆಯಾಗುವ ತನಕ ಅಲ್ಲಿ ಎಲ್ಲರೂ ಹುಡುಗರೇ.

ಏಳು ಸಮುದ್ರದಾಚೆ ಒಂದು ಗಿಳಿ, ಆ ಗಿಳಿಯ ಕೊರಳಲ್ಲಿ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಡೆಲ್ಬರ್ಟನ ಪ್ರಾಣ ಒಂದು ಗಿಡ್ಡ ಪಿಸ್ತೂಲಿನಲ್ಲಿತ್ತು. ಸಮುದ್ರದಾಚೆ ಅಲ್ಲ, ಸೊಂಟದಲ್ಲೇ. ಐದು ತೋಟಾ ಹಿಡಿಯುವ ರಿವಾಲ್ವರ್, ನಳಿಗೆಯೋ ಮೂಗು ಕುಯ್ದಂತೆ ಮೊಂಡು. ಅದು ಅವನ ಅಜ್ಜಿ ವೆಸ್ಟಾಳದ್ದು. ಆಕೆ ಅದನ್ನು ಏಪ್ರನ್ನಿನ ಜೇಬಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಜೊತೆ ಇಟ್ಟುಕೊಂಡಿರುತ್ತಿದ್ದಳು. ಹುರುಳಿಕಾಯಿ ಬಿಡಿಸುವಾಗ ತಾಮ್ರತಲೆ ಅನ್ನುವ ವಿಷದ ಹಾವು ಕಂಡರೆ, ಒಂದು ಕೈಯಲ್ಲಿ ಬುಟ್ಟಿ ಹಿಡಿದೇ ಇನ್ನೊಂದು ಕೈಯಲ್ಲಿ ಢಂ ಅನ್ನಿಸಿ, ಮತ್ತೆ ಕಾಯಿ ಬಿಡಿಸುತ್ತಿದ್ದಳು. ಅದರ ತೋಟಾದೊಳಗೆ ಇರುತ್ತಿದ್ದದ್ದು ಸಾಸಿವೆ ಕಾಳಿನಂಥ ಚರೆ, ಹಾವಿಗೆಂದೇ ಮಾಡಿದ್ದು. ಕಣ್ಣು ಮುಚ್ಚುವ ಮೊದಲು ಮೊಮ್ಮಗನನ್ನು ಹತ್ತಿರ ಕರೆದು, "ತಗೋ ಮಗಾ, ನೀನು ಹೆದರುಪುಕ್ಕಲ. ನಿನಗೇ ಇದು ಬೇಕಾಗೋದು" ಅಂದು ಕೈಗಿಟ್ಟು ಹೋದಳು.

ಮೀಟರುಗಳು ಅಂಗಳದ ಮೂಲೆಯಲ್ಲಿ, ನೆಲದೊಳಗಿನ ತೊಟ್ಟಿಯಲ್ಲಿ ಇರುತ್ತವೆ. ಮೇಲೆ ಒಂದು ಕಬ್ಬಿಣದ ಮುಚ್ಚಳ. ಒಳಗೆ ತಂಪು, ಕತ್ತಲೆ. ಹಾವಿಗೆ ಇನ್ನೇನು ಬೇಕು? ಮುಚ್ಚಳ ಎತ್ತಿದಾಗ ಸುರುಳಿ ಸುತ್ತಿದ ತಾಮ್ರತಲೆ ಕಂಡರೆ ಡೆಲ್ಬರ್ಟ್ ಪಿಸ್ತೂಲಿನ ಮೇಲೆ ಕೈಯಿಡುತ್ತಿದ್ದ. ಇಟ್ಟ ಕೂಡಲೇ ಎದೆಗೆ ಧೈರ್ಯ ಬರುತ್ತಿತ್ತು. ಆ ಧೈರ್ಯದಿಂದ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಅಂದಾಜಿನಲ್ಲಿ ಒಂದು ಅಂಕಿ ಬರೆದುಕೊಂಡು ಹೊರಟುಬಿಡುತ್ತಿದ್ದ. ಹಾಗಾಗಿ ಹಾವಿದ್ದ ಮನೆಯವರು ವರ್ಷವಿಡೀ ಒಂದೇ ಅಳತೆಯ ನೀರು ಕುಡಿದ ಲೆಕ್ಕ. ಪಿಸ್ತೂಲು ಅವನ ಕೈಯಲ್ಲಿ ಒಂದು ಸಲವೂ ಸದ್ದು ಮಾಡಿರಲಿಲ್ಲ. ಅದು ಅವನಿಗೆ ಆಯುಧ ಅನ್ನುವುದಕ್ಕಿಂತ ತಾಯಿತ. ಕಟ್ಟಿಕೊಳ್ಳದೆ ಹೊರಗೆ ಹೋದರೆ ಪ್ಯಾಂಟು ಮರೆತು ಬಂದಂತಾಗುತ್ತಿತ್ತು.

ಹೀಗಿರಲಾಗಿ ಡೆಲ್ಬರ್ಟನಿಗೆ ಪ್ರೀತಿಯಾಯಿತು. ಟ್ವೈಲಾ ಕೂಂಬ್ಸ್ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಎಲ್ಲರ ಮೀಟರು ತಿಂಗಳಿಗೊಮ್ಮೆ ಓದಿದರೆ ಅವಳ ಮೀಟರನ್ನು ಇವನು ವಾರಕ್ಕೆರಡು ಸಲ ಓದುತ್ತಿದ್ದ. "ನನ್ನ ನೀರಿಗೇನು ಕಾಯಿಲೆಯಾ? ಇಷ್ಟು ಸಲ ನಾಡಿ ನೋಡ್ತೀಯಲ್ಲ" ಎಂದು ಅವಳೇ ಒಂದು ದಿನ ಕೇಳಿ, ಒಳಗೆ ಕರೆದು, ಕಾಫಿ ಕೊಟ್ಟು, ಪುಕ್ಕಟೆಯಾಗಿ ತಲೆಗೂದಲನ್ನೂ ಕತ್ತರಿಸಿದಳು. ಅಲ್ಲಿಂದ ಎಲ್ಲ ಸುಸೂತ್ರ, ಒಂದನ್ನು ಬಿಟ್ಟು.

ಆ ಬೆಟ್ಟದ ಜನ ಕೈ ಕುಲುಕುವುದು ಬ್ಯಾಂಕಿನವರ ಜೊತೆ ಮಾತ್ರ. ಉಳಿದವರನ್ನೆಲ್ಲ ತಬ್ಬಿಕೊಳ್ಳುತ್ತಾರೆ. ಸಿಕ್ಕಾಗ, ಹೊರಟಾಗ, ಹೊರಟವರು ಮರೆತ ಛತ್ರಿ ತೆಗೆದುಕೊಳ್ಳಲು ವಾಪಸು ಬಂದಾಗಲೂ. ಡೆಲ್ಬರ್ಟನೋ, ಸೊಂಟದ ಪಿಸ್ತೂಲು ತಾಗೀತೆಂದು ಹೆಗಲನ್ನಷ್ಟೇ ಮುಂದೆ ಚಾಚಿ, ಹಿಂಭಾಗವನ್ನು ಪಕ್ಕದ ಜಿಲ್ಲೆಯಲ್ಲಿ ಬಿಟ್ಟು ತಬ್ಬಿಕೊಳ್ಳುತ್ತಿದ್ದ.

"ಏನೋ ಇದು? ನನ್ನ ತಬ್ಕೊಳ್ತಿದೀಯೋ, ಬಾಗಿಲಲ್ಲಿ ಸೋಫಾ ತೂರಿಸ್ತಿದೀಯೋ?" ಅಂದಳು ಟ್ವೈಲಾ.

"ಪಿಸ್ತೂಲು ಚುಚ್ಚುತ್ತೆ ಅಂತ..."

"ಗೊತ್ತು ಕಣೋ. ನಾನು ಹೇಗೋ ಸಹಿಸ್ಕೊಂಡೆ. ನನ್ನ ಅಜ್ಜಿ ಸಹಿಸಲ್ಲ. ಬರೋ ಭಾನುವಾರ ಗೋರಿ ಸಿಂಗಾರ. ಅಜ್ಜಿ ನಿನ್ನನ್ನ ತಬ್ಬಿ ನೋಡ್ತಾರೆ."

ಟ್ವೈಲಾಳ ಅಜ್ಜಿ ಓಲೀಟಾ ಕೂಂಬ್ಸಳ ಅಪ್ಪುಗೆಯ ಬಗ್ಗೆ ಕಣಿವೆಯಲ್ಲಿ ತಿಳಿಯದವರಿಲ್ಲ. ಆಕೆಗೆ ಕಣ್ಣು ಮಂಜು, ಕಿವಿ ಅರ್ಧ. ಮನುಷ್ಯರನ್ನು ಆಕೆ ಓದುತ್ತಿದ್ದದ್ದು ತೋಳಿನಿಂದ. ಅಪ್ಪುಗೆಯಲ್ಲಿ ಗಾಳಿಯಾಡಿದರೆ ಮನೆಯಲ್ಲಿ ಬಿರುಗಾಳಿ ಅನ್ನುವುದು ಆಕೆಯ ಸಿದ್ಧಾಂತ. ಟ್ವೈಲಾಳನ್ನು ಕೇಳಿಕೊಂಡು ಬಂದ ಮೊದಲನೆಯವನು ಹಲ್ಲಿನ ಡಾಕ್ಟರು. ತಬ್ಬಿಕೊಂಡು ಬೆನ್ನು ತಟ್ಟಿದ. "ಮಗೂಗೆ ತೇಗು ಬರಿಸೋ ಹಾಗೆ ತಟ್ತಾನೆ, ಬೇಡ" ಅಂದಳು ಅಜ್ಜಿ. ಎರಡನೆಯವನು ಗಟ್ಟಿಯಾಗೇ ತಬ್ಬಿಕೊಂಡ, ಆದರೆ ಸೊಂಟದಲ್ಲಿ ಪಿಸ್ತೂಲಿತ್ತು. "ಊಟಕ್ಕೆ ಕರೆದರೆ ಪಿಸ್ತೂಲು ಕಟ್ಕೊಂಡು ಬಂದಿದಾನೆ. ನನ್ನ ಅಡುಗೆ ಅಷ್ಟು ಅಪಾಯವಾ?" ಅಂದು, ಅವನ ಪಾಲಿನ ಊಟವನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕೈಗೆ ಕೊಟ್ಟು, ಗೇಟಿನ ತನಕ ಬೀಳ್ಕೊಟ್ಟು ಬಂದಳು. ಟ್ವೈಲಾಳಿಗೆ ಅಪ್ಪ ಅಮ್ಮ ಎಲ್ಲ ಆ ಅಜ್ಜಿಯೇ. ಅಜ್ಜಿ ಬೇಡ ಅಂದರೆ ಅವಳೂ ಬೇಡ ಅನ್ನುತ್ತಾಳೆ.

"ಅದನ್ನ ಮನೇಲಿ ಬಿಟ್ಟು ಬಾ, ಅಷ್ಟೆ. ಒಂದು ದಿನ" ಅಂದಳು ಟ್ವೈಲಾ. "ಬಿಡ್ತೀಯ ತಾನೆ?"

"ಬಿಡ್ತೀನಿ" ಅಂದ ಡೆಲ್ಬರ್ಟ್.

ಅಂದವನು ನೇರ ಹೋದದ್ದು ವರ್ಜಿಲ್ ನೇಪಿಯರನ ಶೆಡ್ಡಿಗೆ.

ಗೋರಿ ಸಿಂಗಾರ ನಡೆಯುವುದು ಬೆಟ್ಟದ ನೆತ್ತಿಯ ಸ್ಮಶಾನದಲ್ಲಿ. ವರ್ಷಕ್ಕೊಮ್ಮೆ ಎಲ್ಲರೂ ಹತ್ತಿ ಹೋಗಿ, ಹುಲ್ಲು ಕೊಯ್ದು, ತಮ್ಮತಮ್ಮ ಸತ್ತವರಿಗೆ ಹೂವಿಟ್ಟು, ಅಲ್ಲೇ ಮೇಜು ಹಾಕಿ ಉಣ್ಣುತ್ತಾರೆ. ಮೇ ತಿಂಗಳ ಬಿಸಿಲು, ಬೆಚ್ಚಗಿನ ಕಲ್ಲುಗಳು, ಸಂದುಗೊಂದುಗಳು. ಅಂಥ ಕಡೆ ತಾಯಿತವಿಲ್ಲದೆ ಹೋಗುವುದೆಂದರೆ? ಬಿಡುವುದು ಸಾಧ್ಯವಿಲ್ಲ. ಹಾಗಾದರೆ ಯಾರ ತೋಳಿಗೂ ಸಿಗದಷ್ಟು ಅದನ್ನು ಕರಗಿಸಬೇಕು.

ವರ್ಜಿಲ್ ಗರಗಸ ರಿಪೇರಿ ಮಾಡುತ್ತಿದ್ದ, ಬಂದೂಕೂ ಮಾಡುತ್ತಿದ್ದ. ಕೈಚಳಕದ ಮನುಷ್ಯನೇ. ಆದರೆ ನಿಲ್ಲಿಸುವುದು ಎಲ್ಲಿ ಅನ್ನುವುದು ಅವನಿಗೆ ಹುಟ್ಟಿನಿಂದಲೇ ಗೊತ್ತಿರಲಿಲ್ಲ. ಹಿಂದೊಮ್ಮೆ ಪಾದ್ರಿಯ ಊಟದ ಮೇಜು ಅಲ್ಲಾಡುತ್ತದೆ ಅಂತ ಕೊಟ್ಟಿದ್ದರು. ಒಂದು ಕಾಲು ಕೊಯ್ದು, ಅದಕ್ಕೆ ಸರಿಯಾಗಿ ಇನ್ನೊಂದನ್ನು ಕೊಯ್ದು, ಸಮ ಮಾಡುತ್ತ ಮಾಡುತ್ತ ಅದನ್ನು ಮಣೆ ಮಾಡಿ ವಾಪಸು ಕೊಟ್ಟಿದ್ದ. ಪಾದ್ರಿಯ ಸಂಸಾರ ಈಗಲೂ ನೆಲದ ಮೇಲೆ ಕೂತು ಉಣ್ಣುತ್ತದೆ.

"ಮಾಮಾ, ಇದು ಚಿಕ್ಕದಾಗಬೇಕು" ಅಂದ ಡೆಲ್ಬರ್ಟ್.

ವರ್ಜಿಲ್ ತೋಟಾಗಳನ್ನು ಹೊರಗೆ ತೆಗೆದು, ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ಪಿಸ್ತೂಲನ್ನು ಹಸುಗೂಸಿನಂತೆ ತಿರುಗಿಸಿ ನೋಡಿದ. "ಚಿಕ್ಕದೇ ಇದೆಯಲ್ಲೋ ಹುಡುಗಾ."

"ಇನ್ನೂ ಚಿಕ್ಕದು. ಓಲೀಟಾ ಅಜ್ಜಿ ತಬ್ಕೊಂಡರೂ ಗೊತ್ತಾಗಬಾರದು."

ವರ್ಜಿಲನ ಕಣ್ಣಲ್ಲಿ ದೀಪ ಹತ್ತಿತು. "ಹಾಗನ್ನು ಮತ್ತೆ! ಇಪ್ಪತ್ತು ವರ್ಷದಿಂದ ಇಂಥ ಕೆಲಸಕ್ಕೇ ಕಾಯ್ತಿದೀನಿ."

ಮೊದಲು ಹೋದದ್ದು ಬೆನ್ನಿನ ಮೇಲಿನ ಕೊಕ್ಕೆ, ಹೆಬ್ಬೆರಳಿನಿಂದ ಹಿಂದಕ್ಕೆಳೆಯುವಂಥದ್ದು. "ಇದು ಅಂಗಿಗೆ ಸಿಕ್ಕಿಹಾಕ್ಕೊಳ್ಳುತ್ತೆ, ಟ್ರಿಗರ್ ಒಂದಿದ್ದರೆ ಸಾಕು" ಅಂದು ವರ್ಜಿಲ್ ಅದನ್ನು ಕೊಯ್ದು ಅರದಿಂದ ಉಜ್ಜಿದ. ಆಮೇಲೆ ಹಿಡಿ ಹೋಯಿತು. ಹಳೆಯ ದಪ್ಪ ಹಿಡಿ ಬಿಚ್ಚಿ, ಡೆಲ್ಬರ್ಟ್ ಮನೆಯಿಂದ ತಂದುಕೊಟ್ಟ ವೆಸ್ಟಾ ಅಜ್ಜಿಯ ಲಟ್ಟಣಿಗೆಯ ಮರದಲ್ಲೇ ಬಿಸ್ಕತ್ತಿನಷ್ಟು ತೆಳ್ಳಗೆ ಹೊಸದು ಮಾಡಿ ಕೂರಿಸಿದ. ಆಮೇಲೆ ಮೂಲೆಗಳು. ಇದ್ದಬದ್ದ ಅಂಚನ್ನೆಲ್ಲ ಉಜ್ಜಿ, ಉಪ್ಪುಕಾಗದ ಹಾಕಿ ತಿಕ್ಕಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಪಿಸ್ತೂಲು ಅರ್ಧ ಸವೆದ ಸೋಪಿನ ತುಂಡಿನಂತಾಯಿತು. ಡೆಲ್ಬರ್ಟ್ ಎತ್ತಿಕೊಂಡರೆ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಎತ್ತಿದ, ಮತ್ತೆ ಜಾರಿತು.

"ನೋಡಿದೆಯಾ! ಮೀನು!" ಅಂದ ವರ್ಜಿಲ್ ಹೆಮ್ಮೆಯಿಂದ.

"ಚೆನ್ನಾಗಿದೆ ಮಾಮಾ. ಆದ್ರೆ ಹಿಡಿ ತೆಳ್ಳಗಾಗಿ ಟ್ರಿಗರ್ ಎಳೆಯೋದು ಕಷ್ಟ ಆಗ್ತಿದೆ, ಬೆರಳು ನೋಯುತ್ತೆ."

"ಅದಕ್ಕೇನಂತೆ, ಒಳಗಿನ ಸ್ಪ್ರಿಂಗು ಸಡಿಲ ಮಾಡಿದರಾಯ್ತು."

ವರ್ಜಿಲ್ ಸ್ಪ್ರಿಂಗನ್ನು ಚೂರು ಕತ್ತರಿಸಿ ಕೂಡಿಸಿದ. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದ. ಟಿಕ್. ಇಬ್ಬರೂ ಮುಖ ಮುಖ ನೋಡಿಕೊಂಡರು. "ಇನ್ನೊಂಚೂರು?" "ಇನ್ನೊಂಚೂರು." ಮತ್ತೆ ಕತ್ತರಿಸಿದ. ಟಿಕ್. ಬೆಣ್ಣೆಯೊಳಗೆ ಬಿಸಿ ಚಮಚ ಇಳಿದಂತೆ. ಕೊನೆಕೊನೆಗೆ ಅದು ಎಷ್ಟು ಹಗುರವಾಯಿತೆಂದರೆ ಸದ್ದು ಕೇಳುವುದಕ್ಕೆ ಇಬ್ಬರೂ ಉಸಿರು ಹಿಡಿದು ಕಿವಿಯನ್ನು ಹತ್ತಿರ ತರಬೇಕಾಯಿತು. ಬಾಗಿಲಲ್ಲಿ ಕಾಫಿ ಹಿಡಿದು ಬಂದ ವರ್ಜಿಲನ ಹೆಂಡತಿ, ಇಬ್ಬರು ಗಂಡಸರು ತಲೆಗೆ ತಲೆ ಕೊಟ್ಟು ಒಂದು ಸೋಪಿನ ತುಂಡಿನ ಮಾತು ಕೇಳಿಸಿಕೊಳ್ಳುತ್ತಿರುವುದನ್ನು ಕಂಡು, ಕಾಫಿಯನ್ನು ತಾನೇ ಕುಡಿದು ಒಳಗೆ ಹೋದಳು.

ಆ ಟಿಕ್ ಅನ್ನುವ ಸದ್ದಿಗೆ ಮರುಳಾಗಿ, ತೋಟಾ ತುಂಬಿ ಒಂದು ಸಲ ಹಾರಿಸಿ ನೋಡಬೇಕು ಅನ್ನುವುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಪಿಸ್ತೂಲು ತಯಾರಾಯಿತು, ತೋಟಾಗಳನ್ನು ಮತ್ತೆ ತುಂಬಿದ್ದೂ ಆಯಿತು, ಇನ್ನು ಇಡುವುದು ಎಲ್ಲಿ? ಆ ವಾರವೆಲ್ಲ ಡೆಲ್ಬರ್ಟನ ಮೈಯೇ ಅದಕ್ಕೆ ಬಾಡಿಗೆ ಮನೆಗಳ ಬೀದಿಯಾಯಿತು. ಹೊಟ್ಟೆಯ ಮೇಲೆ ಅಗಲವಾದ ಪಟ್ಟಿ ಕಟ್ಟಿ ಸಿಕ್ಕಿಸಿದ. ಕೂತರೆ ಏಳಲಾಗಲಿಲ್ಲ, ಸೀನಿದರೆ ಅದು ಪ್ಯಾಂಟಿನೊಳಗೆ ಇಳಿದು ಮೊಣಕಾಲಿಗೆ ಬಂತು. ಕಂಕುಳಲ್ಲಿ ಕಟ್ಟಿದ, ತೋಳು ಕೋಳಿ ರೆಕ್ಕೆಯಂತೆ ನಿಂತಿತು. ಅಂಗಡಿಯಲ್ಲಿ ಹಾಲು ತೆಗೆಯಲು ಕೈ ಎತ್ತಿದಾಗ ಹಿಂದಿದ್ದ ಮುದುಕರೊಬ್ಬರು ಅಂಗಿಯ ಮೇಲೆ ಮೂಡಿದ ಉಬ್ಬನ್ನು ನೋಡಿ, ಕಣ್ಣು ಹೊಡೆದು, "ತಮ್ಮಾ, ಗುಟ್ಟು ಕಾಣ್ತಿದೆ, ಒಳಗೆ ಹಾಕ್ಕೋ" ಎಂದು ಪಿಸುಗುಟ್ಟಿದರು. ಆ ಕಡೆಯವರಿಗೆ ಪಿಸ್ತೂಲು ಇಟ್ಟುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಇಟ್ಟುಕೊಂಡದ್ದು ಹೊರಗೆ ಕಂಡರೆ ಮಾತ್ರ, ಒಳ ಅಂಗಿ ಕಂಡಷ್ಟು ನಾಚಿಕೆ. ಡೆಲ್ಬರ್ಟ್ ಹಾಲನ್ನು ಅಲ್ಲೇ ಬಿಟ್ಟು ಓಡಿದ.

ಕೊನೆಗೆ ಶೆಡ್ಡಿನಲ್ಲಿ ವರ್ಜಿಲನೇ ಓಲೀಟಾ ಅಜ್ಜಿಯಾಗಿ ನಿಂತು ಪರೀಕ್ಷೆ ಮಾಡಿದ.

"ಬಾ, ತಬ್ಕೋ. ಮುಂದೆ ಇಟ್ಟರೆ ನನ್ನ ಹೊಟ್ಟೆಗೆ ತಾಗುತ್ತೆ. ಪಕ್ಕಕ್ಕೆ ಇಟ್ಟರೆ ಮೊಣಕೈಗೆ. ಬೆನ್ನಿಗೆ ಇಟ್ಟರೆ... ನೋಡು, ನನ್ನ ಎರಡು ಕೈಯೂ ಅಲ್ಲೇ ಬಂತು."

"ಟೋಪಿ ಒಳಗೆ?"

"ಪ್ರಾರ್ಥನೆಗೆ ಟೋಪಿ ತೆಗೀಬೇಕಲ್ಲೋ ಪೆದ್ದೇ." ವರ್ಜಿಲ್ ಆಕಡೆ ಈಕಡೆ ನೋಡಿ ಇವನ ಕಿವಿಯಲ್ಲಿ ಇನ್ನೊಂದು ಜಾಗ ಹೇಳಿದ. ಡೆಲ್ಬರ್ಟ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ.

"ಹಾಗಾದ್ರೆ ಉಳಿದದ್ದು ಪಾದ" ಅಂದ ವರ್ಜಿಲ್. "ಯಾವ ಅಜ್ಜಿಯ ಅಪ್ಪುಗೆಯೂ ಮೊಣಕಾಲಿನ ಕೆಳಗೆ ಬರಲ್ಲ."

ಅದು ಸತ್ಯವಾಗಿ ಕಂಡಿತು. ಚರ್ಮದ ಒರೆಯೊಂದನ್ನು ಬಲಗಾಲಿನ ಕಣಕಾಲಿಗೆ ಕಟ್ಟಿ, ಮೇಲೆ ಉದ್ದನೆಯ ಬೂಟು ಹಾಕಿಕೊಂಡರೆ ಪಿಸ್ತೂಲು ಮಾಯ. ಒಂದೇ ತೊಂದರೆ, ನಡೆದರೆ ಕುಂಟುತ್ತಿತ್ತು. "ಕಾಲು ಉಳುಕಿದೆ ಅನ್ನು" ಅಂದ ವರ್ಜಿಲ್. "ಕುಂಟನನ್ನ ಯಾರು ಅನುಮಾನಿಸ್ತಾರೆ?"

ಭಾನುವಾರ ಬಂತು. ಬೆಟ್ಟದ ನೆತ್ತಿಯಲ್ಲಿ ಗಾಳಿ, ಬಿಸಿಲು, ಕೊಯ್ದ ಹುಲ್ಲಿನ ವಾಸನೆ. ಗೋರಿಗಳ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಹೂವು. ಓಕ್ ಮರದ ಕೆಳಗಿನ ಉದ್ದ ಮೇಜುಗಳ ಮೇಲೆ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸು, ಹುರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು, ಒಣಸೇಬಿನ ಪದರದ ಕೇಕು. ನೊಣ ಓಡಿಸಲು ಟ್ವೈಲಾಳ ಇಬ್ಬರು ಚಿಕ್ಕಮ್ಮಂದಿರು ಬೀಸಣಿಗೆ ಹಿಡಿದು ಕಾವಲು ಕೂತಿದ್ದರು. ಸತ್ತವರೂ ಎದ್ದು ಬಂದು ಒಂದು ತುತ್ತು ತಿಂದು ಮತ್ತೆ ಮಲಗಬೇಕು, ಹಾಗಿತ್ತು ಪರಿಮಳ.

ಟ್ವೈಲಾ ನೀಲಿ ಅಂಗಿ ಹಾಕಿಕೊಂಡು ದಾರಿಯಲ್ಲೇ ಕಾಯುತ್ತಿದ್ದಳು. ಅವನ ಸೊಂಟವನ್ನು ಒಮ್ಮೆ ನೋಡಿದಳು. ಪಕ್ಕ ನೋಡಿದಳು. ಹಿಂದೆ ಸುತ್ತಿ ಬಂದು ಬೆನ್ನು ನೋಡಿದಳು. ಮುಖ ಅರಳಿತು.

"ನಿಜವಾಗ್ಲೂ ಬಿಟ್ಟು ಬಂದೆಯಾ! ಕಾಲಿಗೇನಾಯ್ತು?"

"ಉಳುಕಿದೆ" ಅಂದ ಡೆಲ್ಬರ್ಟ್. ಪಾಪ, ಅವಳ ಖುಷಿ ನೋಡಿ ಅವನಿಗೆ ಬೂಟಿಗಿಂತ ಎದೆ ಭಾರವಾಯಿತು.

ಓಲೀಟಾ ಅಜ್ಜಿ ಸ್ಮಶಾನದ ಮೋಟು ಕಲ್ಲುಗೋಡೆಯ ಬಳಿ ನಿಂತು ಬಂದವರನ್ನೆಲ್ಲ ಒಬ್ಬೊಬ್ಬರಾಗಿ ತಬ್ಬಿ ಒಳಗೆ ಬಿಡುತ್ತಿದ್ದಳು. ಡೆಲ್ಬರ್ಟ್ ತೋಳು ಅಗಲಿಸಿಕೊಂಡು ಕುಂಟುತ್ತ ಹೋದ. ಇನ್ನೊಂದು ಮಾರು ದೂರವಿರುವಾಗ ಅಜ್ಜಿ ಕೈ ಎತ್ತಿ ತಡೆದಳು.

"ಯಾಕೋ ಕುಂಟ್ತೀಯ?"

"ಉಳುಕು, ಅಜ್ಜೀ. ಏನಿಲ್ಲ. ಬನ್ನಿ, ತಬ್ಕೊಳ್ಳಿ."

"ತಬ್ಕೊಳ್ಳೋದು ಎಲ್ಲಿಗೂ ಓಡಿಹೋಗಲ್ಲ. ಕೂತ್ಕೋ ಗೋಡೆ ಮೇಲೆ. ಈ ಕಣಿವೇಲಿ ಉಳುಕು ತೆಗೆಯೋಳು ನಾನೊಬ್ಬಳೇ ಅಂತ ಗೊತ್ತಿಲ್ವಾ? ಟ್ವೈಲಾ, ನನ್ನ ಚೀಲದಿಂದ ಕರ್ಪೂರದೆಣ್ಣೆ ತಗೊಂಬಾ!"

ಡೆಲ್ಬರ್ಟ್ ಜನರ ನಡುವೆ ವರ್ಜಿಲನನ್ನು ಹುಡುಕಿದ. ವರ್ಜಿಲ್ ಆಕಾಶದಲ್ಲಿ ಏನೋ ಹುಡುಕುತ್ತಿದ್ದ.

"ಬೇಡ ಅಜ್ಜೀ! ವಾಸಿಯಾಯ್ತು! ಈಗಷ್ಟೇ ವಾಸಿಯಾಯ್ತು!"

"ಬೂಟು ಬಿಚ್ಚೋ."

"ಕಾಲು ನಾರುತ್ತೆ, ಅಜ್ಜೀ!"

"ಐದು ಗಂಡುಮಕ್ಕಳನ್ನ ಸಾಕಿದೀನಿ ನಾನು. ನನ್ನ ಮೂಗು ಯಾವತ್ತೋ ಸತ್ತಿದೆ." ಅಜ್ಜಿ ಬೂಟಿನ ಹಿಮ್ಮಡಿ ಹಿಡಿದು ಎಳೆದಳು. ಡೆಲ್ಬರ್ಟ್ ಬೂಟಿನ ಬಾಯಿ ಹಿಡಿದುಕೊಂಡ. ಅಜ್ಜಿ ಒಂದು ಕಾಲನ್ನು ಗೋಡೆಗೆ ಒದ್ದು ನಿಂತಳು. ಡೆಲ್ಬರ್ಟ್ ಇನ್ನೊಂದು ಹಿಮ್ಮಡಿಯನ್ನು ಕಲ್ಲಿಗೆ ಊರಿ ಜಗ್ಗಿದ. ಬೀಸಣಿಗೆ ಚಿಕ್ಕಮ್ಮಂದಿರು ನೊಣಗಳನ್ನು ಮರೆತು ನೋಡತೊಡಗಿದರು. "ಎಳಿ ಓಲೀಟಾ, ಬಿಡಬೇಡ!" ಎಂದು ಯಾರೋ ಕೂಗಿದರು. "ಹುಡುಗಾ, ಹಿಡ್ಕೋ!" ಎಂದು ಇನ್ಯಾರೋ. ಗೋಡೆಯ ಕಲ್ಲೊಂದು ಸಡಿಲಿ ಉರುಳಿತು. ಅದೇ ಹೊತ್ತಿಗೆ ಬೂಟು ಪಟ್ಟನೆ ಕಳಚಿ ಬಂದು, ಅಜ್ಜಿ ಬೂಟಿನ ಸಮೇತ ಹುಲ್ಲಿನ ಮೇಲೆ ಧೊಪ್ಪನೆ ಕೂತಳು.

ಸೋಪಿನಂತೆ ನುಣುಪಾಗಿದ್ದ ಪಿಸ್ತೂಲು ಒರೆಯಲ್ಲಿ ನಿಲ್ಲುತ್ತದೆಯೇ? ಜಾರಿ ಬೂಟಿನೊಳಗೇ ಹೋಗಿತ್ತು. ಅಜ್ಜಿ ಬೂಟು ಅಲ್ಲಾಡಿಸಿದಳು. ಗಡಗಡ ಅಂದಿತು. ಕೈ ಹಾಕಿ ಹೊರಗೆ ತೆಗೆದು, ಮಂಜುಗಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಸವರಿ ಕೇಳಿದಳು:

"ಇದು ಯಾವ ಮೂಳೆಯೋ?"

ಯಾರೂ ನಗಲಿಲ್ಲ. ಟ್ವೈಲಾ ಕರ್ಪೂರದೆಣ್ಣೆ ಹಿಡಿದು ಬಂದವಳು ಅಲ್ಲೇ ನಿಂತಳು. "ಬಿಟ್ಟು ಬರ್ತೀನಿ ಅಂದಿದ್ದೆ" ಅಂದಳು, ಮೆಲ್ಲಗೆ. ಡೆಲ್ಬರ್ಟನಿಗೆ ಗೋಡೆಯೊಳಗೆ ತೂರಿಕೊಳ್ಳುವಷ್ಟು ಜಾಗವಿದ್ದರೆ ಸಾಕೆನಿಸಿತು.

ಜಾಗವೇನೋ ಇತ್ತು, ಆದರೆ ಅಲ್ಲಿ ಬೇರೆಯವರಿದ್ದರು. ಕಲ್ಲು ಉರುಳಿದ ಸಂದಿನಿಂದ ಒಂದು ತಾಮ್ರತಲೆ, ಮಧ್ಯಾಹ್ನದ ನಿದ್ದೆ ಕೆಟ್ಟ ಮಾವನಂತೆ, ಸಿಟ್ಟಿನಿಂದ ಹೊರಗೆ ಬಂತು. ನೇರ ಅಜ್ಜಿಯ ಚಾಚಿದ ಕಾಲುಗಳ ಕಡೆ ಹರಿಯಿತು.

"ಅಜ್ಜೀ, ಹಾವು!" ಎಂದು ಟ್ವೈಲಾ ಚೀರಿದಳು.

ಅಜ್ಜಿಯ ಮೊಣಕಾಲುಗಳು ಕೂತ ಮೇಲೆ ಏಳಲು ಅರ್ಧ ಗಂಟೆ ಬೇಡುವಂಥವು. ಆಕೆ ಅಲ್ಲಾಡದೆ, ಪಿಸ್ತೂಲನ್ನು ಡೆಲ್ಬರ್ಟನ ಕಡೆ ಎಸೆದಳು. "ಹಿಡಿ! ನಿನ್ನ ಮೂಳೆ, ನೀನೇ ಹೊಡಿ!"

ಡೆಲ್ಬರ್ಟ್ ಹಿಡಿದ. ಜಾರಿತು. ಮತ್ತೆ ಹಿಡಿದ. ಎರಡು ಕೈಯಲ್ಲಿ ಹಾವಿನ ಕಡೆ ಗುರಿಯಿಟ್ಟು, ಬದುಕಿನಲ್ಲಿ ಮೊದಲ ಸಲ ತುಂಬಿದ ಪಿಸ್ತೂಲಿನ ಟ್ರಿಗರ್ ಎಳೆದ.

ಟಿಕ್.

ಎಳೆದ. ಟಿಕ್. ಎಳೆದ. ಟಿಕ್, ಟಿಕ್, ಟಿಕ್. ಸೊರಗಿದ ಸ್ಪ್ರಿಂಗಿಗೆ ತೋಟಾದ ಬೆನ್ನು ತಟ್ಟುವ ಬಲವೂ ಉಳಿದಿರಲಿಲ್ಲ. ಬೆಟ್ಟದ ಮೇಲೆ ಅಂಥ ಮೌನ, ಆ ಮೌನದಲ್ಲಿ ವರ್ಜಿಲನ ದನಿ ತಡೆಯಲಾರದೆ ಹೊರಬಂತು: "ಸದ್ದು ಕೇಳಿದ್ರಾ? ರೇಷ್ಮೆ!"

ಅವನ ಹೆಂಡತಿ ಅವನ ಪಕ್ಕೆಗೆ ತಿವಿದಳು.

ಹಾವು ತಲೆ ಎತ್ತಿತು. ಡೆಲ್ಬರ್ಟನ ಪ್ರಾಣವಿದ್ದ ಗಿಳಿಯ ಕತ್ತು ಮುರಿದೇ ಹೋಗಿತ್ತು. ಕತೆಯ ಪ್ರಕಾರ ಅವನು ಅಲ್ಲೇ ಬಿದ್ದು ಸಾಯಬೇಕಿತ್ತು. ಅವನಿಗೂ ಹಾಗೇ ಅನಿಸಿತು. ಮುಚ್ಚಲು ಮುಚ್ಚಳವಿಲ್ಲ, ಬರೆಯಲು ಅಂದಾಜಿಲ್ಲ, ಕಾಲ ಬುಡದಲ್ಲಿ ಹಾವು, ಅದರಾಚೆ ಟ್ವೈಲಾಳ ಅಜ್ಜಿ. ಪಿಸ್ತೂಲನ್ನು ಬಿಸಾಕಿದ. ಅಮ್ಮಾ ಎಂದು ಕೂಗುತ್ತ, ಒಂದು ಬೂಟು ಒಂದು ಕಾಲುಚೀಲದಲ್ಲಿ ಹಾವಿನ ಮೇಲಿಂದಲೇ ಹಾರಿ, ಅಜ್ಜಿಯನ್ನು ಎರಡು ತೋಳಿನಲ್ಲಿ ಬಾಚಿ ಎತ್ತಿಕೊಂಡು ಓಡಿದ. ಪ್ಲಾಸ್ಟಿಕ್ ಹೂವುಗಳ ನಡುವೆ, ಗೋರಿಗಳನ್ನು ಸುತ್ತಿ, ಒಂದೇ ಗೋರಿಯನ್ನು ಎರಡು ಸಲ ಸುತ್ತಿ, ಕೊನೆಗೆ ಓಕ್ ಮರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತ. ಹಾವು ಆ ಗಲಾಟೆಗೆ ಬೇಸತ್ತು ತನ್ನ ಸಂದಿಗೆ ಆಗಲೇ ವಾಪಸು ಹೋಗಿತ್ತು.

"ಇಳಿಸೋ" ಅಂದಳು ಅಜ್ಜಿ, ಅವನ ಎದೆಯೊಳಗಿನಿಂದ.

"ಇಳಿಸಲ್ಲ."

"ಹಾವು ಹೋಯ್ತು ಕಣೋ."

"ಹೋಗಲಿ." ಅವನು ಇನ್ನೂ ಬಿಗಿಯಾಗಿ ತಬ್ಬಿಕೊಂಡ. ಅಜ್ಜಿ ಮೊಣಕೈ ಅಲ್ಲಾಡಿಸಲು ನೋಡಿದಳು, ಆಗಲಿಲ್ಲ. ಉಸಿರೆಳೆಯಲು ನೋಡಿದಳು, ಅದೂ ಕಷ್ಟವಾಯಿತು. ಸುತ್ತ ಜನ ಸೇರಿದರು.

"ಟ್ವೈಲಾ, ಇಲ್ಲಿ ಬಾ. ನನಗೂ ಇವನಿಗೂ ಮಧ್ಯೆ ಕೈ ತೂರುತ್ತಾ ನೋಡು."

ಟ್ವೈಲಾ ಬಂದು ಅಂಗೈ ತೂರಿಸಲು ನೋಡಿದಳು. ಆಮೇಲೆ ಬೆರಳು. "ಬಾಚಣಿಗೆಯ ಹಲ್ಲೂ ಹೋಗಲ್ಲ, ಅಜ್ಜೀ."

"ಹೂಂ" ಅಂದಳು ಓಲೀಟಾ. ಆ ಹೂಂ ಗೋರಿಗಳ ತನಕ ಕೇಳಿಸಿತು.

ಡೆಲ್ಬರ್ಟ್ ಒಂದು ಕಣ್ಣು ತೆರೆದ. ಎದುರಿಗೇ ಟ್ವೈಲಾ. "ಸುಳ್ಳು ಹೇಳಿದೆ" ಅಂದ. "ಬಿಟ್ಟು ಬರೋಕೆ ಆಗಲಿಲ್ಲ. ಭಯ ಆಯ್ತು ಕಣೇ."

"ಗೊತ್ತಾಯ್ತು. ಅದಕ್ಕೆ ಬೇರೆ ಪೂಜೆ ಇದೆ, ನಾಳೆ" ಅಂದಳು ಅವಳು. ಬಾಯಿ ಮಾತ್ರ ಗದರುತ್ತಿತ್ತು. ಕೈ ಅವನ ಕಿವಿಯ ಮೇಲೆ ಸಿಕ್ಕಿದ್ದ ಪ್ಲಾಸ್ಟಿಕ್ ಗುಲಾಬಿಯನ್ನು ಮೆಲ್ಲಗೆ ಬಿಡಿಸುತ್ತಿತ್ತು.

ಅಜ್ಜಿ ಗಾಳಿಯಲ್ಲಿ ತೇಲುತ್ತಲೇ ಕತ್ತು ತಿರುಗಿಸಿದಳು. "ವರ್ಜಿಲ್ ನೇಪಿಯರ್! ನಿನ್ನ ಕೈಕೆಲಸ ಅಂತ ಬೆರಳಿಟ್ಟರೇ ಗೊತ್ತಾಗುತ್ತೆ. ಕಚ್ಚದ ಹಲ್ಲು, ಬೊಗಳದ ನಾಯಿ ಮಾಡಿಟ್ಟಿದೀಯಲ್ಲೋ ಅದನ್ನ! ಹುಡುಗ ಹಾವಿನ ಜೊತೆ ಕೆಲಸ ಮಾಡೋನು. ಹಾರೋ ಹಾಗೆ ಮಾಡಿಕೊಡು. ಊಟಕ್ಕೆ ಮಾತ್ರ ತರೋ ಹಾಗಿಲ್ಲ."

"ಆಯ್ತು ಓಲೀಟಾ. ಬರೀ ಹಿಡಿಯನ್ನ ಇನ್ನೊಂಚೂರು..."

"ಮುಟ್ಟಿದರೆ ನೋಡು!"

ಡೆಲ್ಬರ್ಟನಿಗೆ ಈಗ ತೋಳು ಸೋಲುತ್ತಿತ್ತು. ಅಜ್ಜಿ ಸಣ್ಣ ಆಸಾಮಿಯೇನಲ್ಲ. "ಅಜ್ಜೀ, ಇಳಿಸಲಾ?" ಅಂದ.

"ಈಗ ಬೇಡ. ಹೆಂಗೂ ಎತ್ತಿದೀಯ, ಮೇಜಿನ ತನಕ ತಗೊಂಡು ನಡಿ. ಬೀನ್ಸು ತಣ್ಣಗಾಗ್ತಿದೆ."

ಅವನು ಒಂದು ಬೂಟಿನಲ್ಲಿ ಎತ್ತರ ತಗ್ಗು ಹೆಜ್ಜೆ ಹಾಕುತ್ತ ಹೊರಟ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಅಜ್ಜಿ ಅವನ ತೋಳಿನಲ್ಲಿ ಮೆರವಣಿಗೆಯ ಮಹಾರಾಣಿಯಂತೆ ಸಾಗುತ್ತ, ಅತ್ತಿತ್ತ ನಿಂತವರಿಗೆಲ್ಲ ಅಪ್ಪಣೆ ಕೊಡತೊಡಗಿದಳು: ಮದುವೆಗೆ ಜೂನ್ ಬೇಡ, ಬಿಸಿಲು; ಅಕ್ಟೋಬರ್ ಇರಲಿ, ಸೇಬು ಇಳಿದಿರುತ್ತೆ; ಕೇಕು ಚಿಕ್ಕ ಸೊಸೆ ಮಾಡಲಿ, ದೊಡ್ಡವಳದ್ದು ಕಲ್ಲಾಗುತ್ತೆ; ಪಿಟೀಲಿನವನಿಗೆ ಈಗಲೇ ಹೇಳಿ, ಆಮೇಲೆ ಕುಡಿದಿರ್ತಾನೆ; ಮತ್ತೆ ಯಾರಾದ್ರೂ ಒಬ್ಬರು ಹೋಗಿ ಈ ಹುಡುಗನ ಇನ್ನೊಂದು ಬೂಟು ತಂದುಕೊಡ್ರೋ, ನನ್ನ ಸೊಂಟ ಅಲ್ಲಾಡಿ ಅಲ್ಲಾಡಿ ನೋಯ್ತಿದೆ.